ಮನೆಯ ಹಾಲಿನ ಹಿಮಪಾಕ



ಚೈತ್ರ ವೈಶಾಖಗಳ ಬಿಸಿಲು ಏರತೊಡಗಿ, ಪರೀಕ್ಷೆ ಮುಗಿಸಿದ ಮಕ್ಕಳು ಅಜ್ಜಿಯ ಮನೆಗೆ ಬಂದು ಸೇರಿದ ಮೇಲೆ, ಶಿರಸಿ ತಾಲ್ಲೂಕಿನ ಪೂರ್ವದಂಚಿನಲ್ಲಿ, ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಸಂಧಿಯಲ್ಲಿರುವ ನಮ್ಮ ದಾಸನಕೊಪ್ಪದಂಥ ಊರುಗಳ ಅಡುಗೆಮನೆಗಳಲ್ಲಿ ಈಗೀಗ ಒಂದು ಹೊಸ ಪ್ರಯೋಗವು ನಡೆಯುತ್ತಿರುವುದನ್ನು ತಾವೂ ಕಂಡಿರಬಹುದು. ಫ್ರಿಜ್ಜು ಬಂದ ಮನೆಯಲ್ಲಿ ಮೊದಲು ತಣ್ಣೀರು, ಆಮೇಲೆ ಐಸು, ಅದಾದ ಮೇಲೆ ಶರಬತ್ತನ್ನು ಲೋಟದಲ್ಲಿ ಗಟ್ಟಿಗೊಳಿಸಿ ಕಡ್ಡಿ ಚುಚ್ಚಿದ ಐಸ್‌ಕ್ಯಾಂಡಿ, ಹೀಗೆ ಒಂದೊಂದಾಗಿ ಬೆಳೆದು ಬಂದ ಮಕ್ಕಳ ಬಯಕೆಯು ಕಡೆಗೆ ಐಸ್‌ಕ್ರೀಮಿನ ಬಳಿಗೆ ಬಂದು ನಿಲ್ಲುತ್ತದೆ. ತಾಯಿಯೋ ಅತ್ತೆಯೋ ಕೊಟ್ಟಿಗೆಯ ಹಾಲನ್ನೇ ಕಾಯಿಸಿ, ಸಕ್ಕರೆ ಏಲಕ್ಕಿಗಳನ್ನು ಬೆರೆಸಿ, ಡಬ್ಬಿಯಲ್ಲಿ ತುಂಬಿಸಿ ಇಡುತ್ತಾಳೆ. ಮರುದಿನ ತೆಗೆದರೆ ಅದು ಚಮಚಕ್ಕೆ ಬಗ್ಗದ ಬಿಳಿಯ ಕಲ್ಲಾಗಿ ಕುಳಿತಿರುತ್ತದೆ. ನೆರೆಮನೆಯ ತಂಗಿಯೊಬ್ಬಳು ನನ್ನಲ್ಲಿ ಕೇಳಿದ ಪ್ರಶ್ನೆಯು ಈ ಕಾರಣದಿಂದ ಅವಳೊಬ್ಬಳ ಪ್ರಶ್ನೆಯಲ್ಲ: "ಅಕ್ಕಾ, ಹಾಲೂ ನಮ್ಮದೇ, ಸಕ್ಕರೇನೂ ಕಮ್ಮಿ ಹಾಕಿದ್ದಲ್ಲ. ಅಂಗಡೀದು ಚಮಚಕ್ಕೆ ಬರ್ತದೆ, ನಮ್ಮದು ಕಲ್ಲಾಗ್ತದೆ. ಯಾಕೆ?" ಆ ಪ್ರಶ್ನೆಗೆ ಪೂರ್ಣವಾದ ಉತ್ತರವನ್ನು ಕೊಡಬೇಕೆಂಬುದೇ ನನ್ನ ಈ ಭಾಷಣದ ಉದ್ದೇಶ.

ಹಾಲೆಂಬುದು ನೋಟಕ್ಕೆ ಏಕರೂಪವಾದ ದ್ರವ್ಯವಾಗಿ ತೋರಿದರೂ ಅದರ ಬಹುಭಾಗವು ನೀರೇ ಆಗಿದೆ. ಹಸುವಿನ ಹಾಲಿನ ನೂರು ಪಾಲುಗಳಲ್ಲಿ ಸುಮಾರು 87 ಪಾಲು ನೀರು. ಎಮ್ಮೆಯ ಹಾಲಿನಲ್ಲಿ 82 ಅಥವಾ 83 ಪಾಲು. ನಾವು ಹಾಲಿನ ಸತ್ತ್ವವೆಂದು ಯಾವುದನ್ನು ಭಾವಿಸುತ್ತೇವೆಯೋ, ಅಂದರೆ ಬೆಣ್ಣೆಯಾಗಬಲ್ಲ ಜಿಡ್ಡು, ಗಿಣ್ಣಿಗೆ ಗಟ್ಟಿತನ ಕೊಡುವ ಸಸಾರಜನಕ, ಹಾಲಿಗೆ ಸಹಜವಾದ ಸಕ್ಕರೆ, ಲವಣಗಳು, ಇವೆಲ್ಲವೂ ಉಳಿದ ಅಲ್ಪಭಾಗದಲ್ಲಿಯೇ ಅಡಗಿವೆ. ಹಾಲನ್ನು ಶೀತಕ್ಕೆ ಒಡ್ಡಿದಾಗ ಹಿಮವಾಗುವುದು ಈ ನೀರು ಮಾತ್ರ. ಜಿಡ್ಡು ಸಕ್ಕರೆಗಳನ್ನು ಬದಿಗೊತ್ತಿ ನೀರು ತನ್ನಷ್ಟಕ್ಕೆ ತಾನು ಶುದ್ಧವಾದ ಹರಳಾಗಿ ಕೂಡಿಕೊಳ್ಳುತ್ತದೆ. ಹಳೆಯ ಜೋನಿಬೆಲ್ಲದ ಕೊಡದ ತಳದಲ್ಲಿ ನಿಧಾನವಾಗಿ ಕೂತ ಸಕ್ಕರೆಯ ಹರಳುಗಳು ಹೇಗೆ ದಪ್ಪವಾಗಿ, ಹಲ್ಲಿಗೆ ಸಿಕ್ಕುವಂತಿರುತ್ತವೆಯೋ ಹಾಗೆಯೇ ಸಾವಕಾಶವಾಗಿ ಕೂಡಿದ ಹಿಮದ ಹರಳುಗಳೂ ದೊಡ್ಡವಾಗಿ ಬೆಳೆದು ಒಂದಕ್ಕೊಂದು ಬೆಸೆದು, ಇಡೀ ಡಬ್ಬಿಯನ್ನು ಒಂದೇ ಬಂಡೆಯಾಗಿಸುತ್ತವೆ. ತ್ವರೆಯಿಂದ ಹುಟ್ಟಿದ ಹರಳುಗಳಾದರೆ ಎಷ್ಟು ಸಣ್ಣವೆಂದರೆ ನಾಲಗೆಯು ಅವುಗಳನ್ನು ಹರಳೆಂದು ಗುರುತಿಸಲಾರದು. ಅದಕ್ಕೆ ನುಣುಪು ಮಾತ್ರ ತಿಳಿಯುತ್ತದೆ. ಸಮೃದ್ಧವಾದ ಹಿಮಪಾಕವನ್ನು ಮನೆಯಲ್ಲಿ ಮಾಡುವ ವಿದ್ಯೆಯೆಲ್ಲ ಈ ನೀರನ್ನು ಆಳುವ ವಿದ್ಯೆಯೇ ಆಗಿದೆಯೆಂದು ನನ್ನ ದೃಢವಾದ ನಂಬಿಕೆ. ಬೆಲೆಬಾಳುವ ಯಂತ್ರವಾಗಲಿ, ಪೇಟೆಯಿಂದ ತಂದ ಪುಡಿಗಳ ಪೊಟ್ಟಣಗಳಾಗಲಿ ಆಮೇಲಿನ ಮಾತು.

ಕನ್ನಡ ನಾಡಿನ ಪಾಕಪರಂಪರೆಯು ಕ್ಷೀರಾನ್ನ ಪಾಯಸ ಬಾಸುಂದಿಗಳಲ್ಲಿ ಎಷ್ಟು ಸಂಪನ್ನವಾಗಿದ್ದರೂ ಹಿಮದ ವಿಷಯದಲ್ಲಿ ಅದಕ್ಕೆ ಅನುಭವ ದೊರೆಯುವಂತಿರಲಿಲ್ಲ. ಪ್ರಕೃತಿಯೇ ನಮ್ಮ ಸೀಮೆಗೆ ಹಿಮವನ್ನು ಕೊಟ್ಟಿಲ್ಲವಷ್ಟೆ. ಉತ್ತರ ಹಿಂದೂಸ್ಥಾನದಲ್ಲಿ ಮೊಗಲರ ಕಾಲಕ್ಕೆ ಇದರ ವೈಭವ ಆರಂಭವಾಯಿತು. ಅಕ್ಬರನ ಆಸ್ಥಾನದ ಅಬುಲ್ ಫಜಲನು ತನ್ನ 'ಐನ್-ಇ-ಅಕ್ಬರಿ'ಯಲ್ಲಿ, ಪೆಟ್ಲುಪ್ಪನ್ನು ಕಲಸಿದ ನೀರಿನೊಳಗೆ ನೀರಿನ ಕುಪ್ಪಿಯನ್ನು ಅಲುಗಾಡಿಸಿ ತಂಪುಮಾಡುವ ಕ್ರಮವನ್ನೂ, 1586ರ ಸುಮಾರಿನಿಂದ ಹಿಮಾಲಯದ ಹಿಮವನ್ನು ಲಾಹೋರಿಗೆ ತರಿಸಲು ತೊಡಗಿದುದನ್ನೂ ವರ್ಣಿಸಿದ್ದಾನೆ. ಬತ್ತಿಸಿದ ಹಾಲನ್ನು ಲೋಹದ ಸಣ್ಣ ಅಚ್ಚುಗಳಲ್ಲಿ ತುಂಬಿ, ಬಾಯಿಗೆ ಕಣಕದ ಮುದ್ರೆಯೊತ್ತಿ, ಉಪ್ಪು ಬೆರೆಸಿದ ಐಸಿನ ಮಡಕೆಯಲ್ಲಿ ಹೂತು ಗಟ್ಟಿಗೊಳಿಸುವ ಕುಲ್ಫಿಯು ಆ ಪರಂಪರೆಯ ಫಲ. ನಮ್ಮ ದೇಶದ ಕಡಲತೀರಗಳಿಗಾದರೋ ಹಿಮವು ಬಂದದ್ದು ಇನ್ನೂ ವಿಚಿತ್ರವಾದ ಮಾರ್ಗದಿಂದ. 1833ರ ಮೇ ತಿಂಗಳಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿಯ ಹಿಮವನ್ನು ಹೊತ್ತು ಹೊರಟ 'ಟಸ್ಕನಿ' ಎಂಬ ಹಡಗು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಲ್ಕತ್ತೆಯನ್ನು ಮುಟ್ಟಿತು. ನಾಲ್ಕು ತಿಂಗಳ ಸಮುದ್ರಯಾನದಲ್ಲಿ, ಅದೂ ಭೂಮಧ್ಯರೇಖೆಯನ್ನು ದಾಟಿ ಬರುವಾಗ, ಹೊರಟಾಗ ಇದ್ದ 180 ಟನ್ನಿನಲ್ಲಿ ಸುಮಾರು 100 ಟನ್ನು ಕರಗದೆ ಉಳಿದಿತ್ತೆಂಬುದು ಆ ಕಾಲದ ಜನರಿಗೆ ಮಹದಾಶ್ಚರ್ಯವಾಗಿ ಕಂಡಿತು. ಮದರಾಸಿನ ಕಡಲ ದಂಡೆಯಲ್ಲಿ ಆ ಹಿಮವನ್ನು ಕೂಡಿಡಲು ಕಟ್ಟಿದ ಕಟ್ಟಡದಲ್ಲಿಯೇ 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದರು. ಅದು ಇಂದು ಅವರ ಹೆಸರಿನ ಸ್ಮಾರಕವಾಗಿದೆ. ಧನಿಕರಿಗೂ ದೊರೆಗಳಿಗೂ ಮಾತ್ರ ನಿಲುಕುತ್ತಿದ್ದ ಆ ವಸ್ತುವು ಈಗ ನಮ್ಮ ಊರಿನ ಪ್ರತಿ ಓಣಿಯಲ್ಲಿಯೂ ಒಂದು ಪೆಟ್ಟಿಗೆಯೊಳಗೆ ತಾನಾಗಿ ಹುಟ್ಟುತ್ತಿರುವಾಗ, ಅದನ್ನು ಬರಿಯ ನೀರು ತಂಪುಮಾಡಲು ಬಳಸಿ ಸುಮ್ಮನಾಗುವುದು ಸಾಲದು.

ಐಸಿಗೆ ಉಪ್ಪು ಬೆರೆಸುವ ವಿಷಯವನ್ನು ಒಂದಿಷ್ಟು ವಿಸ್ತರಿಸಿ ಹೇಳಬೇಕಾಗಿದೆ. ಏಕೆಂದರೆ ಕರೆಂಟು ಇಲ್ಲದ ದಿನ, ಅಥವಾ ಫ್ರಿಜ್ಜು ಇಲ್ಲದ ಮನೆಯಲ್ಲಿ, ಪೇಟೆಯಿಂದ ತಂದ ಒಂದು ಐಸಿನ ಗಡ್ಡೆಯಿಂದಲೇ ಈ ಕಾರ್ಯವನ್ನು ಸಾಧಿಸಬಹುದು. ಹಾಲಿನ ಮಿಶ್ರಣವು ಗಟ್ಟಿಯಾಗಬೇಕಾದರೆ ಸೊನ್ನೆ ಡಿಗ್ರಿಯ ಐಸು ಸಾಲದು. ಸಕ್ಕರೆ ಕರಗಿದ ಹಾಲು ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗಿಳಿದ ಮೇಲೆಯೇ ಹಿಮಗಟ್ಟಲು ಆರಂಭಿಸುತ್ತದೆ. ಕುಟ್ಟಿದ ಐಸಿನ ಮೇಲೆ ಉಪ್ಪು ಬಿದ್ದಾಗ ಐಸು ಕರಗಲೇಬೇಕಾಗುತ್ತದೆ. ಒಂದು ಗ್ರಾಮು ಐಸು ಕರಗಲು 80 ಕ್ಯಾಲೊರಿಯಷ್ಟು ಶಾಖ ಬೇಕು. ಆ ಶಾಖವನ್ನು ಅದು ತನ್ನ ಸುತ್ತಣ ವಸ್ತುಗಳಿಂದಲೇ, ಮುಖ್ಯವಾಗಿ ತನ್ನ ನಡುವೆ ಹೂತ ಹಾಲಿನ ಡಬ್ಬಿಯಿಂದ, ಸೆಳೆದುಕೊಳ್ಳುತ್ತದೆ. ಮೂರು ಪಾಲು ಐಸಿಗೆ ಒಂದು ಪಾಲು ಉಪ್ಪು ಸೇರಿದರೆ ಆ ಮಿಶ್ರಣವು ಸೊನ್ನೆಗಿಂತ ಇಪ್ಪತ್ತು ಡಿಗ್ರಿಗಳಷ್ಟು ಕೆಳಗಿಳಿಯಬಲ್ಲದು. ಇದಕ್ಕೆ ನುಣ್ಣಗಿನ ಪೊಟ್ಟಣದ ಉಪ್ಪಿಗಿಂತ ಗೋಕರ್ಣದ ಬಳಿಯ ಸಾಣಿಕಟ್ಟೆಯ ಗದ್ದೆಗಳಲ್ಲಿ ಬಿಸಿಲಿಗೆ ಕೂಡಿದ ದಪ್ಪ ಹರಳುಪ್ಪು ಬಲು ಯೋಗ್ಯವಾದುದು. ನಿಧಾನವಾಗಿ ಕರಗುತ್ತ ಅದು ಶೀತವನ್ನು ಬಹಳ ಹೊತ್ತು ಕಾಯ್ದಿಡುತ್ತದೆ. ಒಂದು ಬಕೆಟ್ಟು, ಅದರೊಳಗೆ ಉಪ್ಪು ಬೆರೆತ ಐಸು, ಅದರ ನಡುವೆ ಬಿಗಿಯಾದ ಮುಚ್ಚಳದ ಒಂದು ಸ್ಟೀಲಿನ ಡಬ್ಬಿ, ಇಷ್ಟಿದ್ದರೆ ಮನೆಯ ಹುಡುಗರು ಸರದಿಯ ಮೇಲೆ ಆ ಡಬ್ಬಿಯನ್ನು ಬಲಕ್ಕೂ ಎಡಕ್ಕೂ ತಿರುಗಿಸುತ್ತ, ನಡುನಡುವೆ ಮುಚ್ಚಳ ತೆರೆದು ಅಂಚಿಗೆ ಕಟ್ಟಿದ್ದನ್ನು ಮರದ ಚಮಚದಿಂದ ಕೆರೆದು ಒಳಕ್ಕೆ ಸೇರಿಸುತ್ತ, ಮುಕ್ಕಾಲು ಗಂಟೆಯ ಒಳಗಾಗಿ ಮೆದುವಾದ ಐಸ್‌ಕ್ರೀಮನ್ನು ಪಡೆಯಬಹುದು. 1843ರಲ್ಲಿ ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆಯು ಹಿಡಿಕೆ ತಿರುವಿ ಐಸ್‌ಕ್ರೀಮು ಮಾಡುವ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದುದೂ ಇದೇ ತತ್ತ್ವದ ಮೇಲೆ. ಮುಚ್ಚಳದೊಳಕ್ಕೆ ಉಪ್ಪುನೀರು ನುಗ್ಗದಂತೆ ಎಚ್ಚರವಹಿಸಬೇಕೆಂಬುದೊಂದನ್ನು ಬಿಟ್ಟರೆ ಇದರಲ್ಲಿ ಕಷ್ಟವೆಂಬುದಿಲ್ಲ.

ಇನ್ನು ಪಾಕದ ಮಾತು. ನೀರನ್ನು ಆಳುವ ಮೊದಲನೆಯ ಉಪಾಯವು ಅದನ್ನು ಹೊರಗೆ ಕಳಿಸುವುದು. ಈ ಉಪಾಯವನ್ನು ನಮ್ಮ ಅಜ್ಜಿಯಂದಿರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಎರಡು ಲೀಟರು ಎಮ್ಮೆಯ ಹಾಲನ್ನು ಅಗಲ ಬಾಯಿಯ, ದಪ್ಪ ತಳದ ಪಾತ್ರೆಗೆ ಹಾಕಿ, ಒಮ್ಮೆ ಉಕ್ಕಿ ಬಂದ ಮೇಲೆ ಉರಿಯನ್ನು ತಗ್ಗಿಸಿ, ಅಂಚಿಗೆ ಕಟ್ಟುವ ಕೆನೆಯನ್ನು ಸೌಟಿನಿಂದ ಮತ್ತೆ ಮತ್ತೆ ಹಾಲಿಗೇ ಸೇರಿಸುತ್ತ, ತಳ ಹಿಡಿಯದಂತೆ ಕೆದಕುತ್ತ, ಅದು ಅರ್ಧಕ್ಕೆ ಇಳಿಯುವವರೆಗೆ ಕಾಯಿಸಬೇಕು. ಎಮ್ಮೆಯ ಹಾಲಿನಲ್ಲಿ ನೂರಕ್ಕೆ ಏಳರಷ್ಟು ಜಿಡ್ಡಿರುವುದರಿಂದ ಅರ್ಧಕ್ಕಿಳಿದ ಹಾಲಿನಲ್ಲಿ ಅದು ಹದಿನಾಲ್ಕರಷ್ಟಾಗುತ್ತದೆ. ನಮ್ಮ ದೇಶದ ಆಹಾರ ಕಾಯಿದೆಯ ಪ್ರಕಾರ ಐಸ್‌ಕ್ರೀಮು ಎನ್ನಿಸಿಕೊಳ್ಳಬೇಕಾದರೆ ಹಾಲಿನ ಜಿಡ್ಡು ನೂರಕ್ಕೆ ಹತ್ತಕ್ಕಿಂತ ಕಡಿಮೆಯಿರಬಾರದು. ಹೀಗಿರುವಾಗ ಒಲೆಯ ಮುಂದೆ ಒಂದು ಗಂಟೆ ಕುಳಿತ ನಮ್ಮ ತಂಗಿಯು ಬೇರೆ ಯಾವ ದ್ರವ್ಯವನ್ನೂ ಸೇರಿಸದೆಯೇ ಆ ಮಟ್ಟವನ್ನು ದಾಟಿದಳೆಂದಾಯಿತು. ಹಸುವಿನ ಹಾಲಾದರೆ, ಅದರಲ್ಲಿಯೂ ಸ್ವಲ್ಪವೇ ಕರೆಯುವ ಮಲೆನಾಡು ಗಿಡ್ಡದ ಹಾಲಾದರೆ, ಅರ್ಧಕ್ಕಿಳಿಸಿದ ಮೇಲೆ ಒಂದು ಬಟ್ಟಲು ಹೊಸ ಕೆನೆಯನ್ನು ಕೂಡಿಸಿಕೊಳ್ಳಬೇಕು. ಹೊಸ ಕೆನೆಯೆಂದು ಒತ್ತಿ ಹೇಳುತ್ತಿದ್ದೇನೆ. ಬೆಣ್ಣೆಗಾಗಿ ವಾರಗಟ್ಟಲೆ ಕೂಡಿಟ್ಟ ಕೆನೆಯ ಹುಳಿಯು ಮಜ್ಜಿಗೆಗೆ ಒಪ್ಪುತ್ತದೆ, ತುಪ್ಪಕ್ಕೆ ಪರಿಮಳವಾಗುತ್ತದೆ. ಹಿಮಪಾಕದಲ್ಲಿ ಮಾತ್ರ ಅದು ಎಷ್ಟೇ ಏಲಕ್ಕಿಯ ಮರೆಯಲ್ಲಿದ್ದರೂ ತನ್ನನ್ನು ತೋರಿಸಿಕೊಳ್ಳದೆ ಬಿಡುವುದಿಲ್ಲ.

ಅರ್ಧಕ್ಕಿಂತ ಹೆಚ್ಚು ಬತ್ತಿಸಿದರೆ ಇನ್ನೂ ಸಮೃದ್ಧಿಯಾಗಲಾರದೆ ಎಂದು ಉತ್ಸಾಹಿಗಳು ಕೇಳುವುದುಂಟು. ಆಗಲಾರದು. ಹಾಲು ಬತ್ತಿದಂತೆಲ್ಲ ಅದರೊಳಗಿನ ಹಾಲುಸಕ್ಕರೆಯೂ ಮಂದವಾಗುತ್ತ ಹೋಗುತ್ತದೆ. ಈ ಸಕ್ಕರೆಯು ನೀರಿನಲ್ಲಿ ಸುಲಭವಾಗಿ ಕರಗುವ ಸ್ವಭಾವದ್ದಲ್ಲವಾದುದರಿಂದ, ಮಿತಿ ಮೀರಿ ಬತ್ತಿಸಿ ಗಟ್ಟಿಗೊಳಿಸಿದ ಪಾಕದಲ್ಲಿ ಅದು ಕೆಲವು ದಿನಗಳಲ್ಲಿಯೇ ಸೂಕ್ಷ್ಮವಾದ ಮರಳಿನ ಕಣಗಳಾಗಿ ಬೇರ್ಪಟ್ಟು ಬಾಯಿಗೆ ಕಿರಕಿರಿಯೆನ್ನಿಸುತ್ತದೆ. ಅಂದೇ ತಿಂದು ಮುಗಿಸುವ ಕುಲ್ಫಿಯಾದರೆ ಮೂರನೆಯ ಒಂದು ಪಾಲಿಗೆ ಇಳಿಸಿದರೂ ದೋಷವಿಲ್ಲ. ಇಟ್ಟು ತಿನ್ನುವುದಾದರೆ ಅರ್ಧವೇ ಸರಿಯಾದ ಮಿತಿ.

ಬತ್ತಿದ ಒಂದು ಲೀಟರು ಹಾಲಿಗೆ ಸುಮಾರು 150 ಗ್ರಾಮು ಸಕ್ಕರೆ ಬೇಕು. ಬಿಸಿಯಿರುವಾಗ ರುಚಿ ನೋಡಿದವರಿಗೆ ಇದು ಅತಿಯಾಯಿತೆಂದು ತೋರಬಹುದು. ಶೀತದಲ್ಲಿ ನಾಲಗೆಯ ಗ್ರಹಣಶಕ್ತಿ ಮಂದವಾಗುವುದರಿಂದ ಹಿಮಗಟ್ಟಿದ ಮೇಲೆ ಅದೇ ಸಿಹಿಯು ಹದವಾಗಿ ಕಾಣುತ್ತದೆ. ಸಿಹಿಗಿಂತಲೂ ಮುಖ್ಯವಾದ ಇನ್ನೊಂದು ಕಾರ್ಯವನ್ನು ಸಕ್ಕರೆಯು ಇಲ್ಲಿ ನಡೆಸುತ್ತದೆ: ಅದು ನೀರಿನ ಒಂದು ಪಾಲನ್ನು ಹಿಮವಾಗಲು ಬಿಡದೆ ದ್ರವರೂಪದಲ್ಲಿಯೇ ಹಿಡಿದಿಡುತ್ತದೆ, ಹಾಗೆ ಉಳಿದ ಆ ಗಾಢವಾದ ರಸದಿಂದಲೇ ಐಸ್‌ಕ್ರೀಮಿಗೆ ಚಮಚಕ್ಕೆ ಬಗ್ಗುವ ಮಾರ್ದವ ಬರುವುದು. ಆರೋಗ್ಯದ ವಿಚಾರದಿಂದ ಸಕ್ಕರೆಯನ್ನು ಅರ್ಧಕ್ಕೆ ಇಳಿಸಿದವರ ಡಬ್ಬಿಯು ಕಲ್ಲಾಗುವುದಕ್ಕೆ ಇದೇ ಕಾರಣ. ಸಿಹಿ ಬೇಡವೆನ್ನುವವರು ಕಡಿಮೆ ಸಿಹಿಯದನ್ನು ಹೆಚ್ಚು ತಿನ್ನುವುದಕ್ಕಿಂತ ಹದವಾದುದನ್ನು ಸ್ವಲ್ಪ ತಿನ್ನುವುದು ಮೇಲು.

ಪಾಶ್ಚಾತ್ಯರು ಈ ಪಾಕಕ್ಕೆ ಕೋಳಿಮೊಟ್ಟೆಯ ಹಳದಿಯನ್ನು ಹಾಕಿ, ಸಣ್ಣ ಉರಿಯಲ್ಲಿ ಗಟ್ಟಿಯಾಗಿಸುತ್ತಾರೆ. ಜಿಡ್ಡನ್ನೂ ನೀರನ್ನೂ ಬೆಸೆದು ಹಿಡಿಯುವ ಗುಣ ಅದಕ್ಕಿದೆ. ನಮ್ಮ ಜಿಲ್ಲೆಯ ಅನೇಕ ಮನೆಗಳಲ್ಲಿ ಮೊಟ್ಟೆಯು ಅಡುಗೆಮನೆಯನ್ನು ಪ್ರವೇಶಿಸುವುದಿಲ್ಲ. ಘಟ್ಟದ ಕೆಳಗಿನಿಂದ ಬರುವ ಗೋಡಂಬಿಯು ಆ ಕಾರ್ಯವನ್ನು ಬಹುಮಟ್ಟಿಗೆ ಮಾಡಿಕೊಡುತ್ತದೆ: ಒಂದು ಲೀಟರಿಗೆ ಐವತ್ತು ಗ್ರಾಮಿನಷ್ಟನ್ನು ಎರಡು ಗಂಟೆ ನೆನೆಯಿಟ್ಟು, ಬೆಣ್ಣೆಯಂತೆ ನುಣ್ಣಗೆ ರುಬ್ಬಿ, ಬಿಸಿ ಹಾಲಿಗೆ ಸೇರಿಸಿ ಐದು ನಿಮಿಷ ಕುದಿಸಿದರೆ ಸಾಕು. ಗೋಡಂಬಿ ಇಲ್ಲದಿದ್ದರೆ ಒಂದು ದೊಡ್ಡ ಚಮಚ ಆರಾರೂಟಿನ ಹಿಟ್ಟನ್ನು ತಣ್ಣನೆಯ ಹಾಲಿನಲ್ಲಿ ಕದಡಿ ಹಾಕಬಹುದು. ಅದು ನೀರನ್ನು ಹಿಡಿದಿಡುವುದೇನೋ ನಿಜ, ಆದರೆ ಎರಡನೆಯ ಚಮಚಕ್ಕೆ ಕೈ ಹೋದರೆ ಐಸ್‌ಕ್ರೀಮಿನ ಬದಲು ಹಿಟ್ಟಿನ ಮಣ್ಣಿಯೇ ದೊರೆತೀತು.

ಹೀಗೆ ಸಿದ್ಧವಾದ ಪಾಕವನ್ನು ಆರಿಸಿದೊಡನೆ ಹಿಮದ ಖಾನೆಗೆ ನೂಕಬಾರದು. ಮುಚ್ಚಿ, ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಒಂದು ರಾತ್ರಿ ಇಡಬೇಕು. ಆ ವಿಶ್ರಾಂತಿಯಲ್ಲಿ ಜಿಡ್ಡಿನ ಕಣಗಳು ಗಟ್ಟಿಯಾಗುತ್ತವೆ, ಸಸಾರಜನಕವು ನೀರನ್ನು ಹೀರಿ ಉಬ್ಬುತ್ತದೆ, ಪಾಕವು ತಾನಾಗಿ ಮಂದವಾಗುತ್ತದೆ. ಮರುದಿನ ಬೆಳಗ್ಗೆ ಅದನ್ನು ಅಗಲವಾದ, ತೆಳ್ಳಗೆ ಹರಡುವಂಥ ಲೋಹದ ಪಾತ್ರೆಗೆ ಬಗ್ಗಿಸಿ ಅತಿಶೀತದ ಖಾನೆಯಲ್ಲಿಡಬೇಕು. ಲೋಹವು ಶಾಖವನ್ನು ಬೇಗ ಬಿಟ್ಟುಕೊಡುವಂತೆ ಪ್ಲಾಸ್ಟಿಕ್ಕು ಬಿಟ್ಟುಕೊಡಲಾರದು, ತೆಳ್ಳಗಿನ ಪದರವು ಗಟ್ಟಿಯಾಗುವಷ್ಟು ಬೇಗ ಆಳವಾದ ಡಬ್ಬಿಯು ಗಟ್ಟಿಯಾಗದು. ಒಂದು ಗಂಟೆಯ ಬಳಿಕ ಅಂಚು ಗಟ್ಟಿಯಾಗಿ ನಡುಭಾಗ ಇನ್ನೂ ಸಡಿಲವಾಗಿರುವಾಗ ಹೊರತೆಗೆದು, ಕಡೆಗೋಲಿನಿಂದಲೋ ಮಿಕ್ಸಿಯಲ್ಲಿಯೋ ಒಂದೆರಡು ನಿಮಿಷ ಚೆನ್ನಾಗಿ ಕಡೆದು ಮತ್ತೆ ಇಡಬೇಕು; ಮುಕ್ಕಾಲು ಗಂಟೆಗೊಮ್ಮೆ ಇದೇ ಕ್ರಮವನ್ನು ಮೂರು ನಾಲ್ಕು ಸಲ ಅನುಸರಿಸಬೇಕು. ಪ್ರತಿ ಕಡೆತದಲ್ಲಿಯೂ ಬೆಳೆಯುತ್ತಿರುವ ಹರಳುಗಳು ಒಡೆದು ಚೂರಾಗುತ್ತವೆ, ಒಂದಿಷ್ಟು ಗಾಳಿಯೂ ಒಳಸೇರುತ್ತದೆ. ಕಡೆಯುವ ಉತ್ಸಾಹದಲ್ಲಿ ಪಾಕವನ್ನು ಬಿಸಿಯೇರಲು ಬಿಟ್ಟರೆ ಮಾತ್ರ ಜಿಡ್ಡು ಬೆಣ್ಣೆಯ ಕಾಳುಗಳಾಗಿ ಬೇರ್ಪಡುತ್ತದೆ. ಪಾತ್ರೆಯನ್ನೂ ಕಡೆಗೋಲನ್ನೂ ಮೊದಲೇ ತಂಪುಮಾಡಿಟ್ಟುಕೊಂಡರೆ ಆ ಭಯವಿಲ್ಲ. ಕುಲ್ಫಿಗೆ ಈ ಯಾವ ಕಡೆತವೂ ಬೇಡ. ಅದರ ಸೊಗಸು ಗಾಳಿಯಿಲ್ಲದ ಗಟ್ಟಿತನದಲ್ಲಿಯೇ ಇದೆ, ಸಣ್ಣ ಅಚ್ಚುಗಳಲ್ಲಿ ತುಂಬುವುದರಿಂದ ಅದು ಬೇಗನೆ ಗಟ್ಟಿಯಾಗಿಯೂ ಬಿಡುತ್ತದೆ.

ನಮ್ಮ ಸೀಮೆಯ ಹಣ್ಣುಗಳನ್ನು ಕುರಿತು ಹೇಳದಿದ್ದರೆ ಈ ಮಾತು ಎಲ್ಲಿಯೋ ಪರಸ್ಥಳದ ಮಾತಾದೀತು. ಕದಂಬರು ಆಳಿದ, ಪಂಪನು ಹಂಬಲಿಸಿದ ಬನವಾಸಿಯ ಸುತ್ತಮುತ್ತಣ ಹೊಲಗಳಲ್ಲಿ ಈಗ ಎಲ್ಲೆಲ್ಲಿಯೂ ಅನಾನಸು. ಲಾರಿಗಳು ಅದನ್ನು ತುಂಬಿಕೊಂಡು ದೂರದೂರದ ಪೇಟೆಗಳಿಗೆ ಹೋಗುತ್ತವೆ, ದರ ಬಿದ್ದ ವರ್ಷ ಅದೇ ಹಣ್ಣು ಹೊಲದಲ್ಲಿಯೇ ಕೊಳೆಯುವುದೂ ಉಂಟು. ಅಂಥ ಹಣ್ಣನ್ನು ಹೆಚ್ಚಿ ನೇರವಾಗಿ ಹಾಲಿಗೆ ಹಾಕಿದವರ ಅನುಭವವು ಬಹು ಕಹಿಯಾದುದು, ಅಕ್ಷರಶಃ ಕಹಿಯಾದುದು. ಅನಾನಸಿನಲ್ಲಿ ಬ್ರೊಮೆಲಿನ್ ಎಂಬ ಒಂದು ಕಿಣ್ವವಿದೆ. ಅದು ಹಾಲಿನ ಸಸಾರಜನಕವನ್ನು ಕತ್ತರಿಸಿ ಒಡೆಯುತ್ತದೆ, ಒಡೆದ ತುಣುಕುಗಳು ಕಹಿಯಾಗುತ್ತವೆ. ಹಸಿಯ ಅನಾನಸನ್ನು ಹೆಚ್ಚು ತಿಂದಾಗ ನಾಲಗೆ ಉರಿಯುವುದರಲ್ಲಿಯೂ ಅದರ ಪಾಲಿದೆ. ಶಾಖವು ಈ ಕಿಣ್ವವನ್ನು ನಾಶಮಾಡುತ್ತದೆ. ಆದುದರಿಂದ ಸಣ್ಣಗೆ ಹೆಚ್ಚಿದ ಹಣ್ಣನ್ನು ಅದರ ಕಾಲು ಪಾಲು ಸಕ್ಕರೆಯೊಡನೆ ಹತ್ತು ನಿಮಿಷ ಚೆನ್ನಾಗಿ ಕುದಿಸಿ, ರಸವು ಜೇನಿನಷ್ಟು ಮಂದವಾದ ಮೇಲೆ ಪೂರ್ತಿಯಾಗಿ ಆರಿಸಿ, ಹಾಲಿನ ಪಾಕವು ಅರ್ಧ ಹಿಮಗಟ್ಟಿದ ಹಂತದಲ್ಲಿ, ಕಡೆಯ ಕಡೆತಕ್ಕೆ ಮೊದಲು ಬೆರೆಸಬೇಕು. ಹಣ್ಣಿನಲ್ಲಿದ್ದ ನೀರೂ ಕುದಿತದಲ್ಲಿ ಹೊರಟುಹೋಗಿರುವುದರಿಂದ ಐಸಿನ ತುಣುಕುಗಳಂತೆ ಅದು ಹಲ್ಲಿಗೆ ಚುಚ್ಚುವುದಿಲ್ಲ. ಹುಳಿಯುಳ್ಳ ಯಾವ ಹಣ್ಣನ್ನಾಗಲಿ ಬಿಸಿ ಹಾಲಿಗೆ ಸೇರಿಸಿದರೆ ಹಾಲು ಒಡೆಯುವುದು ಎಲ್ಲರೂ ಬಲ್ಲ ಸಂಗತಿ. ಎರಡೂ ತಣ್ಣಗಿರುವಾಗ ಆ ಅಪಾಯವು ಅತ್ಯಲ್ಪ.

ಬಕ್ಕೆ ಹಲಸಿನ ತೊಳೆಗಳನ್ನು ಬೀಜ ತೆಗೆದು, ಒಂದು ಚಮಚ ತುಪ್ಪದಲ್ಲಿ ಬಾಡಿಸಿ ರುಬ್ಬಿದರೆ ಅದರ ಪರಿಮಳವು ಇಮ್ಮಡಿಯಾಗುತ್ತದೆ. ಇದಕ್ಕೆ ಎಮ್ಮೆಯ ಹಾಲಿಗಿಂತ ತೆಂಗಿನ ದಪ್ಪ ಹಾಲು ಹೆಚ್ಚು ಹೊಂದುತ್ತದೆಯೆಂಬುದು ನನ್ನ ಅಭಿಪ್ರಾಯ. ಮೊದಲು ಹಿಂಡಿದ ತೆಂಗಿನ ಹಾಲಿನ ಜಿಡ್ಡು ಯಾವ ಕೆನೆಗೂ ಕಡಿಮೆಯದಲ್ಲ. ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಆ ಹಣ್ಣಿನ ತಿರುಳು ತಾನೇ ಬೆಣ್ಣೆಯಂತಿರುವುದರಿಂದ ಅದಕ್ಕೆ ಬತ್ತಿಸಿದ ಹಾಲನ್ನುಳಿದು ಬೇರೆ ಯಾವ ಆಡಂಬರವೂ ಬೇಕಾಗಿಲ್ಲ.

ಎಲ್ಲಕ್ಕಿಂತಲೂ ನನಗೆ ಪ್ರಿಯವಾದದ್ದು ಜೋನಿಬೆಲ್ಲದ ಐಸ್‌ಕ್ರೀಮು. ಶಿರಸಿ ಸಿದ್ದಾಪುರಗಳ ಆಲೆಮನೆಗಳಲ್ಲಿ ಚಳಿಗಾಲದ ಕೊನೆಗೆ ಕಬ್ಬಿನ ಹಾಲು ಕುದಿದು ಹದವಾದಾಗ ಅಚ್ಚಿಗೆ ಹೊಯ್ಯದೆ ದ್ರವವಾಗಿಯೇ ತುಂಬಿಟ್ಟ ಆ ಬೆಲ್ಲದಲ್ಲಿ ಕಬ್ಬಿನ ಸಕ್ಕರೆಯ ಜೊತೆಗೆ ಒಡೆದ ಸಕ್ಕರೆಗಳೂ ಇರುವುದರಿಂದ, ತೂಕಕ್ಕೆ ತೂಕ ಹಾಕಿದರೆ, ನೀರನ್ನು ಹಿಮವಾಗಗೊಡದೆ ತಡೆಯುವ ಶಕ್ತಿ ಅವುಗಳಿಗೆ ಬಿಳಿಯ ಸಕ್ಕರೆಗಿಂತ ಹೆಚ್ಚು. ಈ ಕಾರಣದಿಂದ ಜೋನಿಬೆಲ್ಲದ ಪಾಕವು ಗಟ್ಟಿಯಾಗಲು ಹೆಚ್ಚು ಹೊತ್ತು ತೆಗೆದುಕೊಂಡರೂ, ಮೂರನೆಯ ದಿನಕ್ಕೂ ಚಮಚಕ್ಕೆ ಮೆದುವಾಗಿಯೇ ಬರುತ್ತದೆ. ಬೆಲ್ಲದ ಆಮ್ಲಾಂಶವು ಬಿಸಿ ಹಾಲನ್ನು ಒಡೆಯುವುದರಿಂದ ಹಾಲು ಸಂಪೂರ್ಣವಾಗಿ ತಣಿದ ಮೇಲೆಯೇ ಬೆಲ್ಲವನ್ನು ಸೋಸಿ ಸೇರಿಸತಕ್ಕದ್ದು. ಒಂದು ಲೀಟರು ಬತ್ತಿದ ಹಾಲಿಗೆ ಒಂದು ದೊಡ್ಡ ಲೋಟದಷ್ಟು ಸಾಕು. ಏಲಕ್ಕಿಯ ಪುಡಿಯ ಬದಲು ಇಲ್ಲಿ ತೋಟದ ಜಾಯಿಕಾಯಿಯನ್ನು ಒಂದು ಚಿಟಿಕೆಯಷ್ಟು ತೇಯ್ದು ಹಾಕಿದರೆ ಆಗುವ ಪರಿಮಳವನ್ನು ನಾನು ಬಣ್ಣಿಸಲು ಹೊರಡುವುದಿಲ್ಲ. ತಾವೇ ಮಾಡಿ ನೋಡಬೇಕು.

ತೋಟದ ಮಾತು ಬಂದುದರಿಂದ ವೆನಿಲ್ಲಾದ ನೆನಪಾಗುತ್ತದೆ. ಈ ಶತಮಾನದ ಮೊದಲ ವರ್ಷಗಳಲ್ಲಿ, ದರವು ಗಗನಕ್ಕೇರಿದ್ದಾಗ, ಶಿರಸಿ ಯಲ್ಲಾಪುರಗಳ ಎಷ್ಟೋ ಅಡಕೆ ತೋಟಗಳಲ್ಲಿ ಆ ಬಳ್ಳಿಯನ್ನು ನೆಟ್ಟರು; ರಾತ್ರಿಯಲ್ಲಿ ತೋಟವನ್ನು ಕಾವಲು ಕಾದರು; ದರ ಬಿದ್ದ ಮೇಲೆ ಬೇಸತ್ತು ಕಿತ್ತು ಹಾಕಿದವರೂ ಅನೇಕರು. ಮೆಕ್ಸಿಕೋ ದೇಶದ ಆ ಬಳ್ಳಿಗೆ ಇಲ್ಲಿ ಪರಾಗಸ್ಪರ್ಶ ಮಾಡುವ ಕೀಟವಿಲ್ಲದ್ದರಿಂದ, ಬೆಳಗಿನ ಹೊತ್ತು ಅರಳಿ ಅಂದೇ ಬಾಡುವ ಒಂದೊಂದು ಹೂವನ್ನೂ ಕೈಯಿಂದಲೇ ಫಲವಂತವಾಗಿಸಬೇಕು. ಈ ಕ್ರಮವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಬಾಲಕ. ಇಂದಿಗೂ ಲೋಕದ ವೆನಿಲ್ಲಾ ಬಹುತೇಕ ಅವನು ತೋರಿದ ಬೆರಳಿನ ಚಲನೆಯಿಂದಲೇ ಫಲಿಸುತ್ತಿದೆ. ಯಾರ ತೋಟದಲ್ಲಾದರೂ ಆ ಬಳ್ಳಿಯು ಇನ್ನೂ ಉಳಿದಿದ್ದು, ಹದಗೊಳಿಸಿದ ಒಂದು ಕೋಡು ಸಿಕ್ಕಿದರೆ, ಉದ್ದಕ್ಕೆ ಸೀ‍ಳಿ, ಒಳಗಿನ ಕರಿಯ ಕಣಗಳನ್ನು ಕೆರೆದು, ಸಿಪ್ಪೆಯನ್ನೂ ಸೇರಿಸಿ ಬಿಸಿ ಹಾಲಿನಲ್ಲಿ ಅರ್ಧ ಗಂಟೆ ನೆನೆಯಗೊಡಿರಿ. ಕಾರ್ಖಾನೆಯಲ್ಲಿ ಮಾಡಿದ ಸೀಸೆಯ ಸುವಾಸನೆಗೂ ಇದಕ್ಕೂ ಇರುವ ಅಂತರವು ಮೊದಲ ಚಮಚದಲ್ಲಿಯೇ ತಿಳಿಯುತ್ತದೆ.

ಮನೆಯ ಹಣ್ಣು, ಮನೆಯ ಹಾಲು, ಇಷ್ಟರಿಂದಲೇ ಉತ್ತಮವಾದ ಐಸ್‌ಕ್ರೀಮು ಆಗಬಹುದೆಂಬುದಕ್ಕೆ ಕನ್ನಡಿಗರೊಬ್ಬರ ಜೀವನವೇ ಪ್ರಮಾಣವಾಗಿದೆ. ದಕ್ಷಿಣ ಕನ್ನಡದ ಮೂಲ್ಕಿಯ ಕಡೆಯ, ಹಣ್ಣಿನ ವ್ಯಾಪಾರಿಯೊಬ್ಬರ ಮಗನಾದ ರಘುನಂದನ ಕಾಮತರು ಮುಂಬಯಿಗೆ ಹೋಗಿ, 1984ರಲ್ಲಿ ಜುಹುವಿನಲ್ಲಿ 'ನ್ಯಾಚುರಲ್ಸ್' ಎಂಬ ಸಣ್ಣ ಅಂಗಡಿಯನ್ನು ತೆರೆದರು. ಮೊದಮೊದಲು ಜನರನ್ನು ಒಳಕ್ಕೆ ಕರೆಯುವುದಕ್ಕಾಗಿ ಪಾವ್‌ಭಾಜಿಯನ್ನೂ ಮಾರಿದರು. ಹಾಲು, ಸಕ್ಕರೆ, ಹಣ್ಣು, ಈ ಮೂರರ ಮೇಲೆಯೇ ಅವರ ನಂಬಿಕೆಯಿದ್ದಿತು. ಸೀಯಾಳದ ಎಳೆಯ ತಿರುಳು, ಸೀತಾಫಲ, ಹಲಸು, ಚಿಕ್ಕು, ಅದುವರೆಗೆ ಐಸ್‌ಕ್ರೀಮಿನ ಅಂಗಡಿಯ ಹೊಸ್ತಿಲನ್ನು ಅಷ್ಟಾಗಿ ದಾಟದಿದ್ದ ನಮ್ಮ ಹಿತ್ತಿಲ ಹಣ್ಣುಗಳು, ಅವರ ಕೈಯಲ್ಲಿ ಮಹಾನಗರದ ಜನರ ಪ್ರೀತಿಗೆ ಪಾತ್ರವಾದವು. ಅವರು 2024ರಲ್ಲಿ ತೀರಿಕೊಂಡರು. ಹಣ್ಣನ್ನು ಮುಟ್ಟಿ, ಮೂಸಿ ಅದರ ಪಕ್ವತೆಯನ್ನು ಅರಿಯುವ ವಿದ್ಯೆಯನ್ನು ಬಾಲ್ಯದಲ್ಲಿ ತಂದೆಯಿಂದ ಕಲಿತ ಅವರಿಗೆ ಅದೇ ಬಂಡವಾಳವಾಯಿತು. ಆ ವಿದ್ಯೆಯು ನಮ್ಮ ಹಳ್ಳಿಯ ಹೆಣ್ಣುಮಕ್ಕಳಲ್ಲಿ ಎಷ್ಟು ಜನರಿಗಿಲ್ಲ?

ಪೇಟೆಯ ಐಸ್‌ಕ್ರೀಮನ್ನು ನಾನು ಹಳಿಯಲು ಬಂದಿಲ್ಲ. ಮಂಗಳೂರು ಉಡುಪಿಗಳಿಗೆ ಹೋದಾಗ ಎತ್ತರದ ಲೋಟದಲ್ಲಿ ಹಣ್ಣು, ಜೆಲ್ಲಿ, ಗೋಡಂಬಿಗಳ ನಡುವೆ ಪದರಪದರವಾಗಿ ತುಂಬಿದ ಗಡ್‌ಬಡ್ ತಿನ್ನದೆ ಬಂದವರು ಏನನ್ನೋ ಕಳೆದುಕೊಂಡರೆಂದೇ ನಾನು ಹೇಳುವೆನು. ಆದರೆ ಅಂಗಡಿಯಲ್ಲಿ ಕೊಳ್ಳುವಾಗ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸವಿರಲಿ. ಹಾಲಿನ ಜಿಡ್ಡಿನ ಬದಲು ಸಸ್ಯಜನ್ಯ ಎಣ್ಣೆಯಿಂದ ಮಾಡಿದುದನ್ನು ಐಸ್‌ಕ್ರೀಮು ಎಂದು ಕರೆಯಲು ಕಾಯಿದೆಯ ಅನುಮತಿಯಿಲ್ಲ. ಅದರ ಮೇಲೆ 'ಫ್ರೋಜನ್ ಡೆಸರ್ಟ್' ಎಂದು ಬರೆದಿರುತ್ತಾರೆ. ಬಣ್ಣವೂ ಆಕಾರವೂ ಒಂದೇ ಆದುದರಿಂದ ಮಕ್ಕಳಿಗೆ ವ್ಯತ್ಯಾಸ ತಿಳಿಯದು. ದೊಡ್ಡ ಡಬ್ಬಿಯು ಹಗುರವಾಗಿದ್ದರೆ ಅದರಲ್ಲಿ ಗಾಳಿ ಹೆಚ್ಚೆಂದು ಅರ್ಥ. ಯಂತ್ರವು ಪಾಕದ ಅಳತೆಯಷ್ಟೇ ಗಾಳಿಯನ್ನು ತುಂಬಬಲ್ಲದು. ಮನೆಯದು ಅಷ್ಟು ಮೆದುವಾಗದಿರುವುದಕ್ಕೆ ಅದೂ ಒಂದು ಕಾರಣ. ಬಡಿಸುವ ಹತ್ತು ನಿಮಿಷ ಮುಂಚೆ ಹೊರಗೆ ತೆಗೆದಿಟ್ಟರೆ ಆ ಕೊರತೆಯು ನೀಗುತ್ತದೆ.

ಕಡೆಯದಾಗಿ, ಮಾಡಿದುದನ್ನು ಕಾಯ್ದುಕೊಳ್ಳುವ ವಿಚಾರ. ಡಬ್ಬಿಯನ್ನು ಅಂಚಿನವರೆಗೆ ತುಂಬಿ, ಮೇಲ್ಮೈಗೆ ತಾಗುವಂತೆ ಬೆಣ್ಣೆಕಾಗದವನ್ನೊತ್ತಿ ಮುಚ್ಚಬೇಕು. ಇಲ್ಲವಾದರೆ ಜಿಡ್ಡು ಫ್ರಿಜ್ಜಿನೊಳಗಿನ ಬೆಳ್ಳುಳ್ಳಿ, ಒಣಮೀನುಗಳ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋಗುವುದು ಸಾಮಾನ್ಯ. ಪಾಕವು ಸ್ವಲ್ಪ ಸಡಿಲವಾಗಿ ಮತ್ತೆ ಗಟ್ಟಿಯಾದಾಗಲೆಲ್ಲ ಸಣ್ಣ ಹರಳುಗಳು ಕರಗಿ ಅವುಗಳ ನೀರು ದೊಡ್ಡ ಹರಳುಗಳನ್ನು ಸೇರಿಕೊಳ್ಳುತ್ತದೆ, ನುಣುಪು ಹಾಳಾಗುತ್ತದೆ. ಆದುದರಿಂದ ಈ ಸಿಹಿಯನ್ನು ಬೇಸಿಗೆಯಲ್ಲಿ, ಒಂದು ವಾರಕ್ಕೆ ಸಾಲುವಷ್ಟೇ ಮಾಡುವುದು ಯುಕ್ತ. ಪೂರ್ತಿಯಾಗಿ ನೀರಾಗಿ ಬೆಚ್ಚಗಾದುದನ್ನು ಯಾವ ಕಾರಣಕ್ಕೂ ಪುನಃ ಹಿಮಗಟ್ಟಿಸಬೇಡಿರಿ. ಶೀತವು ರೋಗಾಣುಗಳನ್ನು ಕೊಲ್ಲುವುದಿಲ್ಲ, ನಿದ್ರೆಗೊಳಿಸುತ್ತದೆ ಅಷ್ಟೆ. ಮೊದಲಿಗೆ ಹಾಲನ್ನು ಚೆನ್ನಾಗಿ ಕುದಿಸುವುದೂ, ಪಾತ್ರೆ ಸೌಟುಗಳನ್ನು ಬಿಸಿನೀರಿನಲ್ಲಿ ತೊಳೆಯುವುದೂ ಈ ಕಾರಣದಿಂದಲೇ ಅವಶ್ಯ. ಅನಿರೀಕ್ಷಿತವಾಗಿ ಕರೆಂಟು ಹೋಗಿ, ಪಾಕವು ಕರಗತೊಡಗಿದ್ದು, ಮುಟ್ಟಿದರೆ ಇನ್ನೂ ತಣ್ಣಗೇ ಇದ್ದರೆ, ನೆರೆಮನೆಯ ಮಕ್ಕಳನ್ನೂ ಕರೆದು ಆಗಲೇ ಲೋಟಗಳಿಗೆ ಬಗ್ಗಿಸಿಬಿಡಿರಿ. ಬತ್ತಿಸಿದ ಹಾಲಿನ ತಂಪು ಪಾನಕವಾಗಿ ಅದು ಯಾರಿಗೂ ಬೇಡವಾಗದು.